ಒಂದು ಮದುವೆ, ಮೂರು ಕಂಪನಿ ಕ್ಯಾಮೆರಾ

ನಾನು ಮುಂಬೈಯಲ್ಲಿ ಮದುವೆ ಫೋಟೋ ತೆಗೆಯುವವ, ಹೆಚ್ಚಾಗಿ ನಮ್ಮ ಊರಿನ ಕಡೆಯವರದ್ದೇ ಮದುವೆ, ಕುರ್ಲಾ, ಮಾಟುಂಗಾ, ಡೊಂಬಿವಲಿಯ ಹಾಲ್‌ಗಳಲ್ಲಿ. ನನ್ನದು ನಿಕಾನ್. ಜೊತೆಗೆ ಬರುವವರಲ್ಲಿ ಒಬ್ಬನದ್ದು ಕ್ಯಾನನ್, ಇನ್ನೊಬ್ಬನದ್ದು ಸೋನಿ, ಮೂವರೂ ನಮ್ಮ ನಮ್ಮ ಕಂಪನಿ ಬಿಟ್ಟುಕೊಡುವ ಜನ ಅಲ್ಲ. ಆದ್ರೆ ಆಲ್ಬಂ ಒಂದೇ ಅಲ್ವಾ, ಅದನ್ನು ಹೇಗೆ ಸುಧಾರಿಸ್ತೇವೆ ಅಂತ ತುಂಬ ಜನ ಕೇಳ್ತಾರೆ, ಅದಕ್ಕೇ ಬರೆದದ್ದು.

ಮೊದಲು ಯಾವ ಕಂಪನಿ ಒಳ್ಳೇದು ಅನ್ನುವ ಜಗಳದ ಬುಡ ಎಲ್ಲಿ ಅಂತ ಹೇಳ್ತೇನೆ. ಅದು ಫೋಟೋದಲ್ಲಿ ಅಲ್ಲ, ಮೌಂಟ್‌ನಲ್ಲಿ, ಅಂದ್ರೆ ಲೆನ್ಸನ್ನು ಕ್ಯಾಮೆರಾಕ್ಕೆ ಕೂರಿಸುವ ಬಾಯಿಯಲ್ಲಿ, ಅದು ಕಂಪನಿಗೊಂದು ಥರ. ನಿಕಾನ್‌ನವರು 1959ರ ಎಫ್ ಮೌಂಟನ್ನೇ ಡಿಜಿಟಲ್ ಕಾಲಕ್ಕೂ ಎಳ್ಕೊಂಡು ಬಂದ್ರು, ಕ್ಯಾನನ್‌ನವರು 1987ರಲ್ಲಿ ಹಳೇ ಎಫ್‌ಡಿ ಮೌಂಟನ್ನು ಕೈಬಿಟ್ಟು ಇಎಫ್ ತಂದ್ರು, ಫೋಕಸ್ ಮಾಡುವ ಮೋಟಾರನ್ನು ಲೆನ್ಸ್‌ನ ಒಳಗೇ ಇಟ್ರು. ನಿಕಾನ್‌ನವರು ಇವತ್ತಿಗೂ "ನಮ್ಮ ಹಳೇ ಲೆನ್ಸ್ ಈಗಲೂ ಕೂರ್ತದೆ" ಅಂತ ಜಂಬ ಕೊಚ್ತಾರೆ (ನಾನೂ ಕೊಚ್ತೇನೆ), ಆದ್ರೆ ಡಿ3000, ಡಿ5000 ಸೀರೀಸ್ ಬಾಡಿಯಲ್ಲಿ (ಲೆನ್ಸ್ ಬಿಟ್ಟ ಕ್ಯಾಮೆರಾದಲ್ಲಿ) ಆ ಮೋಟಾರೇ ಇಲ್ಲ, ಒಳಗೆ ಮೋಟಾರ್ ಇಲ್ಲದ ಹಳೇ ಎಎಫ್-ಡಿ ಲೆನ್ಸ್ ಹಾಕಿದ್ರೆ ಕೈಯಲ್ಲೇ ಫೋಕಸ್ ಮಾಡ್ಬೇಕು, ಅದನ್ನು ಮಾತ್ರ ಯಾರೂ ಹೇಳುದಿಲ್ಲ. ಲೆನ್ಸಿಗೆ ಒಮ್ಮೆ ದುಡ್ಡು ಹಾಕಿದ ಮೇಲೆ ಕಂಪನಿ ಬದಲಿಸ್ಲಿಕ್ಕೆ ಯಾರಿಗೂ ಮನಸ್ಸು ಬರುದಿಲ್ಲ, ಬಾರದ ಮನಸ್ಸಿಗೆ ಆಮೇಲೆ ಕಾರಣ ಹುಡುಕ್ತೇವೆ ಅಷ್ಟೆ.

ಆದ್ರೂ 2018ರಲ್ಲಿ ನಮ್ಮ ಮದುವೆ ಲೈನಿನವರು ಸುಮಾರು ಜನ ಸೋನಿಗೆ ಹೋದ್ರು. ಕಾರಣ ಬಣ್ಣ ಅಲ್ಲ ಮಾರಾಯ್ರೆ, ಕಾರ್ಡ್ ಸ್ಲಾಟ್, ಮೆಮೊರಿ ಕಾರ್ಡ್ ಹಾಕುವ ಜಾಗ! ಆ ವರ್ಷ ಬಂದ ನಿಕಾನ್ ಝಡ್6ರಲ್ಲಿ ಒಂದೇ ಸ್ಲಾಟ್, ಕ್ಯಾನನ್ ಇಒಎಸ್ ಆರ್‌ನಲ್ಲೂ ಒಂದೇ, ಸೋನಿ ಎ7 ಮಾರ್ಕ್ 3ರಲ್ಲಿ ಎರಡು, ಒಂದೇ ಫೋಟೋ ಎರಡು ಕಾರ್ಡಲ್ಲೂ ಇಡ್ಬಹುದು. ಕಾರ್ಡ್ ಕೈಕೊಟ್ರೆ ಧಾರೆ ಇನ್ನೊಮ್ಮೆ ಎರೆಯಿರಿ ಅಂತ ಹುಡುಗಿ ಅಪ್ಪನಿಗೆ ಹೇಳ್ಲಿಕ್ಕೆ ಆಗ್ತದಾ? ನಿಕಾನ್‌ನವರು 2020ರಲ್ಲಿ ಝಡ್6 ಮಾರ್ಕ್ 2ಕ್ಕೆ ಎರಡು ಸ್ಲಾಟ್ ಕೊಟ್ರು, ಹೋದವರು ವಾಪಸ್ ಬರ್ಲಿಲ್ಲ.

ಈಗ ಕೆಲಸದ ವಿಷಯ. ಹಾಲ್‌ಗೆ ಹೋದ ಕೂಡಲೇ ಮೊದಲು ಗಡಿಯಾರ. ಒಂದು ಮೊಬೈಲ್‌ನಲ್ಲಿ ಸೆಕೆಂಡ್ ಓಡುವ ಗಡಿಯಾರ ತೆರೆದಿಟ್ಟು ಮೂರೂ ಕ್ಯಾಮೆರಾದಿಂದ ಅದರದ್ದೇ ಫೋಟೋ. ಆಮೇಲೆ ಲೈಟ್‌ರೂಮ್ ಅನ್ನುವ ಫೋಟೋ ಸಾಫ್ಟ್‌ವೇರ್‌ನಲ್ಲಿ ವ್ಯತ್ಯಾಸ ನೋಡಿ ಕ್ಯಾಪ್ಚರ್ ಟೈಮ್ (ಫೋಟೋ ತೆಗೆದ ಹೊತ್ತು) ಸರಿಸಿದ್ರೆ ಸಾವಿರಾರು ಫೋಟೋ ತನ್ನಷ್ಟಕ್ಕೇ ಸಾಲಾಗಿ ಕೂರ್ತದೆ. ಇದು ಮಾಡದಿದ್ರೆ ಮದುಮಗ ಬರುವ ಮೊದಲೇ ಸೇಸೆ ಹಾಕಿ ಆಗಿರ್ತದೆ ಆಲ್ಬಂನಲ್ಲಿ.

ಎರಡನೇದು ಫ್ಲ್ಯಾಶ್, ನಿಜವಾದ ತಲೆನೋವು ಇದೇ. ಕ್ಯಾಮೆರಾ ಮೇಲಿನ ಹಾಟ್ ಶೂ (ಫ್ಲ್ಯಾಶ್ ಕೂರಿಸುವ ಜಾಗ) ನೋಡ್ಲಿಕ್ಕೆ ಎಲ್ಲ ಹೆಚ್ಚುಕಮ್ಮಿ ಒಂದೇ, ಆದ್ರೆ ಟಿಟಿಎಲ್ ಭಾಷೆ, ಅಂದ್ರೆ ಫ್ಲ್ಯಾಶ್ ಎಷ್ಟು ಹೊಡೀಬೇಕು ಅಂತ ಕ್ಯಾಮೆರಾ ತಾನೇ ಅಳೆದು ಹೇಳುವ ಭಾಷೆ, ಒಬ್ಬೊಬ್ಬರದ್ದು ಒಂದೊಂದು. ಹಾಗಾಗಿ ಟ್ರಿಗರ್ (ದೂರದ ಫ್ಲ್ಯಾಶ್ ಹೊಡೆಸುವ ಡಬ್ಬಿ) ಮೂರು ಬೇರೆ ಬೇರೆ ತಗೊಂಡಿದ್ದೇವೆ, ಕ್ಯಾನನ್‌ಗೆ ಕ್ಯಾನನ್‌ಗೆ ಕೂರುವಂಥದ್ದು, ಸೋನಿಗೆ ಸೋನಿಗೆ ಕೂರುವಂಥದ್ದು, ಆದ್ರೆ ಟ್ರಿಗರ್ ಮಾಡಿದ ಕಂಪನಿ ಒಂದೇ, ರೇಡಿಯೋದಲ್ಲಿ ಕೆಲಸ ಮಾಡುವಂಥದ್ದು. ಮೂರಕ್ಕೂ ಒಂದೇ ಚಾನೆಲ್, ಒಂದೇ ಐಡಿ. ಮೂಲೆಯಲ್ಲಿ ನಿಲ್ಲಿಸಿದ ಲೈಟ್‌ಗಳ ಪವರ್ ಮ್ಯಾನುಯಲ್‌ನಲ್ಲೇ ಇರ್ತದೆ, ಅದನ್ನು ಏರಿಸುದು ಇಳಿಸುದು ನಾನು ಒಬ್ಬನೇ. ಮೂವರೂ ಕೈ ಹಾಕಿದ್ರೆ ಒಂದು ಫೋಟೋ ಬೆಳ್ಳಗೆ, ಇನ್ನೊಂದು ಕತ್ತಲೆ.

ಮತ್ತೆ ಬಣ್ಣ. ಮೂವರೂ ಆಟೋ ವೈಟ್ ಬ್ಯಾಲೆನ್ಸ್ (ಬಿಳಿ ಯಾವುದು ಅಂತ ಕ್ಯಾಮೆರಾವೇ ತೀರ್ಮಾನ ಮಾಡುದು) ಇಟ್ರೆ ಮದುಮಗಳ ಮಲ್ಲಿಗೆ ಒಂದರಲ್ಲಿ ಬಿಳಿ, ಒಂದರಲ್ಲಿ ಹಳದಿ, ಒಂದರಲ್ಲಿ ಸ್ವಲ್ಪ ಹಸಿರು. ಎಲ್ಲರೂ ಒಂದೇ ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ನಂಬರ್ ಇಟ್ರೂ ಪೂರ್ತಿ ಒಂದೇ ಆಗುದಿಲ್ಲ, ಆದ್ರೆ ತಪ್ಪಿದ್ದು ಇಡೀ ದಿನ ಒಂದೇ ಥರ ತಪ್ಪಿರ್ತದೆ, ಅದನ್ನು ಒಟ್ಟಿಗೆ ಸರಿಮಾಡ್ಬಹುದು. ಮಂಟಪದ ಲೈಟಲ್ಲಿ 24 ಬಣ್ಣದ ಚೌಕ ಇರುವ ಕಲರ್ ಚೆಕರ್ ಕಾರ್ಡ್ ಹಿಡಿದು ಮೂರರಲ್ಲೂ ರಾ ಫೈಲ್ (ಕ್ಯಾಮೆರಾ ತಿದ್ದದ ಹಸಿ ಫೋಟೋ) ತೆಗೆದಿಡ್ತೇವೆ, ಮನೆಗೆ ಬಂದು ಒಂದೊಂದು ಬಾಡಿಗೂ ಅದರದ್ದೇ ಪ್ರೊಫೈಲ್, ಅಂದ್ರೆ ಬಣ್ಣ ತಿದ್ದುವ ಲೆಕ್ಕ, ಮಾಡ್ತೇವೆ. ಅಷ್ಟಾದ ಮೇಲೆ ಯಾವ ಫೋಟೋ ಯಾರದ್ದು ಅಂತ ನಮಗೇ ಫೈಲ್ ಹೆಸರು ನೋಡದೆ ಗೊತ್ತಾಗುದಿಲ್ಲ, ಹೆಸರಿನ ಕೊನೆಗೆ ಎನ್‌ಇಎಫ್ ಆದ್ರೆ ನನ್ನದು, ಎಆರ್‌ಡಬ್ಲ್ಯು ಆದ್ರೆ ಸೋನಿಯವನದ್ದು. "ಕ್ಯಾನನ್ ಸ್ಕಿನ್ ಟೋನ್" ಅಂತ ಹಾರಾಡುವ ನಮ್ಮ ಹುಡುಗನೂ ನನ್ನದನ್ನು ತನ್ನದು ಅಂತ ತೋರಿಸಿ ಸಿಕ್ಕಿಬಿದ್ದಿದ್ದಾನೆ.

ಎಲ್‌ಇಡಿ ಗೋಡೆ ಇರುವ ಹಾಲ್ ಆದ್ರೆ ಯಾವ ಕಂಪನಿಯದ್ದಾಗ್ಲಿ ಸೈಲೆಂಟ್ ಶಟರ್ (ಸದ್ದಿಲ್ಲದೆ ಫೋಟೋ ತೆಗೆಯುದು) ಬೇಡ, ಫೋಟೋದಲ್ಲಿ ಪಟ್ಟಿ ಪಟ್ಟಿ ಬರ್ತದೆ.

ಒಂದು ಮಾತ್ರ ಯಾವ ಸಾಫ್ಟ್‌ವೇರ್‌ನಲ್ಲೂ ಸರಿಯಾಗುದಿಲ್ಲ, ಅದು ಕೈ. ನಿಕಾನ್ ಲೆನ್ಸ್ ತಿರುಗಿಸಿ ಹಾಕುವ ದಿಕ್ಕು ಕ್ಯಾನನ್‌ಗೆ ಉಲ್ಟಾ, ಝೂಮ್ ರಿಂಗ್ ಕೂಡ ಉಲ್ಟಾ. ಗಡಿಬಿಡಿಯಲ್ಲಿ ಕ್ಯಾನನ್‌ನವನ ಕ್ಯಾಮೆರಾ ನನ್ನ ಕೈಗೆ ಬಂದ್ರೆ ಹತ್ತಿರ ತರ್ಲಿಕ್ಕೆ ಹೋಗಿ ದೂರ ಮಾಡ್ತೇನೆ. ಅದಕ್ಕೇ ಮುಹೂರ್ತದ ಹೊತ್ತಿಗೆ ಕ್ಯಾಮೆರಾ ಅದಲು ಬದಲು ಇಲ್ಲ ಅಂತ ಕಾನೂನು ಮಾಡಿದ್ದೇವೆ.

ಇನ್ನು ಹವ್ಯಾಸಿಗಳ ಕಥೆ. ಚಳಿಗಾಲದ ಭಾನುವಾರ ನವಿ ಮುಂಬೈಯ ಐರೋಲಿ ಖಾಡಿಗೆ (ಸಮುದ್ರದ ಹಿನ್ನೀರಿಗೆ) ಫ್ಲೆಮಿಂಗೊ ಹಕ್ಕಿ ನೋಡ್ಲಿಕ್ಕೆ ಹೋಗಿ, ಬೋಟ್‌ನಲ್ಲಿ ಹಕ್ಕಿಗಿಂತ ಲೆನ್ಸ್ ನೋಡುವವರೇ ಜಾಸ್ತಿ. ಒಬ್ಬರ ಕೈಯಲ್ಲಿ ಸೋನಿಯ 200-600 ಎಂಎಂ ಝೂಮ್ ಲೆನ್ಸ್, ಇನ್ನೊಬ್ಬರದ್ದು ನಿಕಾನ್ 200-500, ಕ್ಯಾನನ್‌ನ ಬಿಳಿ ಲೆನ್ಸ್ ಇದ್ದವರ ಗತ್ತೇ ಬೇರೆ. ಬಿಳಿ ಬಣ್ಣ ಬಂದದ್ದು ಶೋಕಿಗಲ್ಲ, ದೂರದ್ದನ್ನು ಹತ್ತಿರ ತೋರಿಸುವ ದೊಡ್ಡ ಟೆಲಿ ಲೆನ್ಸ್ ಬಿಸಿಲಿಗೆ ಕಾಯಬಾರದು, ಒಳಗಿನ ಫ್ಲೋರೈಟ್ ಹರಳು ಬಿಸಿಗೆ ಹಿಗ್ತದೆ ಅಂತ. ಇದನ್ನು ಹೇಳಿದ್ರೆ ಅವರಿಗೆ ಖುಷಿ ಆಗುದಿಲ್ಲ. ನಿಕಾನ್‌ನ ಎಷ್ಟೋ ಬಾಡಿಯಲ್ಲಿ ಇರುದು ಸೋನಿ ಮಾಡಿದ ಸೆನ್ಸರ್ (ಬೆಳಕು ಹಿಡಿಯುವ ಚಿಪ್) ಅಂತ ಹೇಳಿದ್ರೆ ನಿಕಾನ್‌ನವರಿಗೂ ಖುಷಿ ಆಗುದಿಲ್ಲ, ನನ್ನನ್ನೂ ಸೇರಿಸಿ. ಮಳೆಗಾಲದಲ್ಲಿ ಫಂಗಸ್ ಮಾತ್ರ ಎಲ್ಲರ ಲೆನ್ಸಿಗೂ ಬರ್ತದೆ, ತೇವ ಹಿಡಿಯದ ಡ್ರೈ ಕ್ಯಾಬಿನೆಟ್ ಇಟ್ಕೊಳ್ಳಿ.

ಹೊಸದಾಗಿ ಈ ಕೆಲಸಕ್ಕೆ ಬರುವ ಹುಡುಗ್ರು "ಅಣ್ಣ, ಯಾವ ಕಂಪನಿ ತಗೊಳ್ಳಿ" ಅಂತ ಕೇಳಿದ್ರೆ ನಾನು ತಿರುಗಿ ಕೇಳುದು ಒಂದೇ, ಹತ್ತಿರದಲ್ಲಿ ಲೆನ್ಸ್ ಸಾಲ ಕೊಡುವವರು ಯಾರಿದ್ದಾರೆ ಅಂತ. ಮೊನ್ನೆ ಬೊರಿವಲಿಯ ಒಬ್ಬ ಕೇಳಿದ, ಅವನ ಮಾವನ ಹತ್ರ ಕ್ಯಾನನ್ 70-200 ಲೆನ್ಸ್ ಉಂಟಂತೆ. ಹಾಗಾದ್ರೆ ಕ್ಯಾನನ್ ತಗೋ ಅಂದೆ.