ಶ್ವಾಸಕೋಶವೂ ಒಂದು ಜೀವಕೋಶವೇ?

ಬೆಂಗಳೂರಿನ ಕನ್ನಡ ಮಾಧ್ಯಮದ ಪ್ರೌಢಶಾಲೆಯೊಂದರಲ್ಲಿ ನಾನು ಬಹಳ ವರ್ಷಗಳಿಂದ ವಿಜ್ಞಾನ ಪಾಠ ಮಾಡುತ್ತಿದ್ದೇನೆ. ಒಮ್ಮೆ ಒಂಬತ್ತನೆಯ ತರಗತಿಯಲ್ಲಿ ಜೀವಕೋಶದ ಪಾಠ ನಡೆಯುತ್ತಿತ್ತು. ಬಹುಪಾಲು ಜೀವಕೋಶಗಳು ಬರಿಗಣ್ಣಿಗೆ ಕಾಣಿಸದಷ್ಟು ಚಿಕ್ಕವು ಎಂದು ಹಲಗೆಯ ಮೇಲೆ ಬರೆದು ತಿರುಗುವಷ್ಟರಲ್ಲಿ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, “ಮೇಡಂ, ಹಾಗಾದ್ರೆ ಶ್ವಾಸಕೋಶ ಅಷ್ಟು ದೊಡ್ಡದಾಗಿ ಹೇಗಿದೆ?” ಎಂದು ಕೇಳಿದಳು. “ಅದು ಬೇರೆ, ಇದು ಬೇರೆಯಮ್ಮಾ” ಎಂದು ಹೇಳಿ ಅವಳನ್ನು ಕೂರಿಸಿದೆನಾದರೂ, ಆ ಉತ್ತರ ನನಗೇ ಒಪ್ಪಿಗೆಯಾಗಲಿಲ್ಲ. ಶ್ವಾಸಕೋಶ, ಮೂತ್ರಕೋಶ, ಗರ್ಭಕೋಶ, ಪಿತ್ತಕೋಶ ಎಂದು ವರ್ಷವಿಡೀ ಬರೆಸುವವಳು ನಾನೇ. ಅಂಗೈಯಗಲದ ಅಂಗಕ್ಕೂ ಕಣ್ಣಿಗೆ ಕಾಣದ ಕಣಕ್ಕೂ ಒಂದೇ ಹೆಸರಿಟ್ಟಿರುವಾಗ, ಕನ್ನಡವನ್ನು ಕಿವಿಗೊಟ್ಟು ಕೇಳುವ ಮಗುವಿಗೆ ಈ ಪ್ರಶ್ನೆ ಹುಟ್ಟಲೇಬೇಕು.

ಮುಂದಿನ ಶನಿವಾರ ಮಧ್ಯಾಹ್ನ ಚಾಮರಾಜಪೇಟೆಗೆ ಹೋಗಿ, ಕನ್ನಡ ಸಾಹಿತ್ಯ ಪರಿಷತ್ತು ಹೊರತಂದಿರುವ ಎಂಟು ಸಂಪುಟಗಳ ನಿಘಂಟನ್ನು ಮುಂದಿಟ್ಟುಕೊಂಡು ಕುಳಿತೆ. ಆಮೇಲೆ ಮನೆಯಲ್ಲಿದ್ದ ಸಂಸ್ಕೃತ ನಿಘಂಟುಗಳನ್ನೂ ತೆಗೆದೆ. ಕೋಶವೆಂದರೆ ಕತ್ತಿಯ ಒರೆ, ಹೂವಿನ ಮೊಗ್ಗು, ರಾಜನ ಬೊಕ್ಕಸ, ಪದಗಳ ಸಂಗ್ರಹ, ರೇಷ್ಮೆಹುಳು ತನ್ನ ಸುತ್ತ ಕಟ್ಟಿಕೊಳ್ಳುವ ಗೂಡು. ಕೌಟಿಲ್ಯನು ಹೇಳುವ ರಾಜ್ಯದ ಏಳು ಅಂಗಗಳಲ್ಲಿ ಕೋಶವೂ ಒಂದು. ವೇದಾಂತಿಗಳ ಪಂಚಕೋಶಗಳಲ್ಲಿ ಅನ್ನಮಯದಿಂದ ಆನಂದಮಯದವರೆಗೆ ಒಂದರೊಳಗೊಂದು ಹೊದಿಕೆಗಳಿವೆ. ಅಮರಸಿಂಹನ ಪದಸಂಗ್ರಹವನ್ನು ನಾವು ಅಮರಕೋಶವೆಂದೇ ಕರೆಯುತ್ತೇವೆ. ಒಂದು ಪುಟ ತುಂಬ ಅರ್ಥಗಳನ್ನು ಬರೆದುಕೊಂಡು ನೋಡಿದಾಗ, ಅವೆಲ್ಲದರ ನಡುವೆ ಒಂದು ಎಳೆ ಎದ್ದು ಕಂಡಿತು. ಬೆಲೆಯುಳ್ಳ ಏನನ್ನೋ ಒಳಗಿಟ್ಟುಕೊಂಡು ಕಾಯುವ ಹೊದಿಕೆಯೇ ಕೋಶ. ಅದರ ಗಾತ್ರ ಎಷ್ಟು ಎಂಬ ಮಾತು ಆ ಪದದಲ್ಲಿ ಎಲ್ಲಿಯೂ ಇಲ್ಲ. ಉಸಿರನ್ನು ತುಂಬಿಕೊಳ್ಳುವ ಚೀಲ ಶ್ವಾಸಕೋಶವಾದದ್ದೂ, ಜೀವವನ್ನು ತುಂಬಿಕೊಂಡ ಕಣ ಜೀವಕೋಶವಾದದ್ದೂ ಒಂದೇ ನ್ಯಾಯದಿಂದ.

ಜೀವಕೋಶಕ್ಕೆ ಇಂಗ್ಲಿಷಿನಲ್ಲಿರುವ ‘ಸೆಲ್’ ಎಂಬ ಹೆಸರು ಬಂದ ದಾರಿ ಬೇರೆ. ಲ್ಯಾಟಿನ್ನಿನ ‘ಸೆಲ್ಲಾ’ ಎಂದರೆ ಸಣ್ಣ ಕೋಣೆ ಅಥವಾ ಉಗ್ರಾಣ. ಸನ್ಯಾಸಿಗಳು ಮಠಗಳಲ್ಲಿ ಒಬ್ಬೊಬ್ಬರೇ ಇರುತ್ತಿದ್ದ ಕೋಣೆಗೂ, ಸೆರೆಮನೆಯ ಕೋಣೆಗೂ, ಜೇನುತಟ್ಟಿಯ ಸಣ್ಣ ಮನೆಗಳಿಗೂ ಅದೇ ಹೆಸರು. 1665ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ತನ್ನ ‘ಮೈಕ್ರೋಗ್ರಾಫಿಯ’ ಗ್ರಂಥದಲ್ಲಿ ಈ ಪದವನ್ನು ಬಿರಡೆಯ, ಅಂದರೆ ಮರದ ತೊಗಟೆಯಿಂದ ಮಾಡುವ ಕಾರ್ಕಿನ, ಚೂರಿನಲ್ಲಿ ಕಂಡ ರಂಧ್ರಗಳಿಗೆ ಬಳಸಿದ. ಕ್ಷೌರದ ಕತ್ತಿಯಷ್ಟು ಹರಿತ ಮಾಡಿದ ಚಾಕುವಿನಿಂದ ಬಿರಡೆಯ ತೆಳುವಾದ ಪದರವೊಂದನ್ನು ಕೊಯ್ದು, ಅದು ಬೆಳ್ಳಗಿದ್ದುದರಿಂದ ಕಪ್ಪು ತಟ್ಟೆಯ ಮೇಲಿಟ್ಟು, ಮಸೂರದಿಂದ ಬೆಳಕು ಹಾಯಿಸಿ ನೋಡಿದಾಗ ಅವನಿಗೆ ಜೇನುತಟ್ಟಿಯಂತಹ ರಂಧ್ರಗಳು ಕಂಡವು. ಅವನು ಎಣಿಸಿಯೂ ನೋಡಿದ. ಒಂದು ಅಂಗುಲದ ಹದಿನೆಂಟನೆಯ ಒಂದು ಭಾಗದಲ್ಲಿ ಸುಮಾರು 60 ಕೋಣೆಗಳು ಸಾಲಾಗಿದ್ದವು. ಈ ಲೆಕ್ಕವನ್ನು ನಾನು ಈಗ ಪ್ರತಿ ವರ್ಷ ಮಕ್ಕಳಿಂದಲೇ ಮಾಡಿಸುತ್ತೇನೆ. ಅಂಗುಲದ ಉದ್ದಕ್ಕೆ 1,080, ಚದರ ಅಂಗುಲಕ್ಕೆ 11,66,400, ಘನ ಅಂಗುಲಕ್ಕೆ 1,25,97,12,000. ಕೊನೆಯ ಗುಣಾಕಾರ ಮುಗಿಯುವ ಹೊತ್ತಿಗೆ ತರಗತಿ ತಾನಾಗಿಯೇ ಮೌನವಾಗಿರುತ್ತದೆ.

ಹುಕ್ ಬಿರಡೆಯಲ್ಲಿ ಕಂಡದ್ದು ಸತ್ತ ತೊಗಟೆಯ ಖಾಲಿ ಗೋಡೆಗಳನ್ನು. ಅಲ್ಲಿದ್ದ ಜೀವ ಎಂದೋ ಹೋಗಿತ್ತು. ಜೀವಿಗಳ ದೇಹವೆಲ್ಲ ಇಂತಹ ಘಟಕಗಳಿಂದಲೇ ಆಗಿದೆ ಎಂಬ ತಿಳಿವು ಜರ್ಮನ್ ವಿಜ್ಞಾನಿಗಳಾದ ಶ್ಲೈಡನ್ 1838ರಲ್ಲಿ ಸಸ್ಯಗಳ ಬಗ್ಗೆ, ಶ್ವಾನ್ 1839ರಲ್ಲಿ ಪ್ರಾಣಿಗಳ ಬಗ್ಗೆ ಬರೆದ ಮೇಲೆ ಗಟ್ಟಿಯಾಯಿತು. ಪ್ರಾಣಿಗಳ ಜೀವಕೋಶಕ್ಕೆ ಗೋಡೆಯೇ ಇಲ್ಲ, ತೆಳುವಾದ ಪೊರೆಯಷ್ಟೇ ಇದೆ. ಹೀಗಾಗಿ ಕೋಣೆ ಎಂಬ ಮೂಲ ಅರ್ಥ ಅಲ್ಲಿ ಹೊಂದುವುದೇ ಇಲ್ಲ, ಹೆಸರು ಮಾತ್ರ ಉಳಿದುಬಂದಿದೆ. ಒಳಗೇನೋ ಇದೆ ಎಂದು ಸಾರುವ ನಮ್ಮ ಕೋಶವೇ ಈ ವಸ್ತುವಿಗೆ ಹೆಚ್ಚು ಒಪ್ಪುವ ಹೆಸರು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಇಷ್ಟು ತಿಳಿದ ಮೇಲೆ ಪಾಠದ ಕ್ರಮವನ್ನೇ ಬದಲಿಸಿದೆ. ಮೊದಲ ದಿನ ಪುಸ್ತಕ ತೆರೆಯುವುದಿಲ್ಲ. ಶಿಡ್ಲಘಟ್ಟದಲ್ಲಿ ನೆಂಟರಿರುವ ವಿದ್ಯಾರ್ಥಿಯೊಬ್ಬ ತಂದುಕೊಟ್ಟ ರೇಷ್ಮೆಗೂಡುಗಳನ್ನು ಒಂದು ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ. ಒಂದೊಂದು ಬೆಂಚಿಗೆ ಒಂದೊಂದು ಕೊಟ್ಟು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಲು ಹೇಳುತ್ತೇನೆ. ಒಳಗೆ ಒಣಗಿದ ಹುಳು ಟಕಟಕ ಸದ್ದು ಮಾಡುತ್ತದೆ. ಬಳಿಕ ಬ್ಲೇಡಿನಿಂದ ಒಂದು ತುದಿಯನ್ನು ಕತ್ತರಿಸಿ ಅಂಗೈ ಮೇಲೆ ತಟ್ಟಿದರೆ, ಕಂದು ಬಣ್ಣದ ಹುಳುವೂ ಅದು ಕಳಚಿದ ಸುಕ್ಕುಗಟ್ಟಿದ ಚರ್ಮವೂ ಬೀಳುತ್ತವೆ. ಈ ಗೂಡಿಗೆ ಸಂಸ್ಕೃತದಲ್ಲಿ ಕೋಶವೆಂಬ ಹೆಸರಿದೆ, ರೇಷ್ಮೆ ಬಟ್ಟೆಯನ್ನು ಕೌಶೇಯವೆಂದು ಕರೆದದ್ದೂ ಇದರಿಂದಲೇ ಎಂದು ಹೇಳಿದ ಮೇಲೆ, ಪದದ ಅರ್ಥವನ್ನು ನಾನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ಎರಡನೆಯ ದಿನ ಹುಕ್‌ನ ಸರದಿ. ಬೆಂಗಳೂರಿನ ರಸ್ತೆಬದಿಗಳಲ್ಲಿ ಬೆಳೆದು ನಿಂತಿರುವ ಆಕಾಶಮಲ್ಲಿಗೆಗೆ ಬಿರಟೆ ಮರವೆಂಬ ಹೆಸರೂ ಇದೆ. ಅದರ ತೊಗಟೆಯನ್ನು ಬಿರಡೆಗೆ ಬದಲಾಗಿ ಬಳಸುತ್ತಿದ್ದುದುಂಟು. ಮರದಡಿ ಉದುರಿದ ತೊಗಟೆಯ ಚೂರನ್ನು ಆಯ್ದು ತಂದು, ಹೊಸ ಬ್ಲೇಡಿನಿಂದ ಸಾಧ್ಯವಾದಷ್ಟು ತೆಳುವಾಗಿ ಕೊಯ್ದು ಸೂಕ್ಷ್ಮದರ್ಶಕದಡಿ ಇಡುತ್ತೇವೆ. ಮೊದಲ ನಾಲ್ಕೈದು ಪದರಗಳು ದಪ್ಪವಾಗಿ ಕಪ್ಪಾಗಿಯೇ ಕಾಣುತ್ತವೆ. ಅಂಚಿನಲ್ಲಿ ಎಲ್ಲೋ ತೆಳುವಾದ ಕಡೆ ಸಾಲು ಸಾಲಾದ ಖಾಲಿ ಕೋಣೆಗಳು ಸಿಗುತ್ತವೆ. ಅದರ ಪಕ್ಕದಲ್ಲೇ ಈರುಳ್ಳಿ ಸಿಪ್ಪೆಯ ಪೊರೆಗೆ ಅಯೋಡಿನ್ ಹಚ್ಚಿ ತೋರಿಸಿದಾಗ ಪ್ರತಿ ಕೋಣೆಯಲ್ಲಿಯೂ ಒಂದೊಂದು ಕೋಶಕೇಂದ್ರ ಕಾಣುತ್ತದೆ. ಖಾಲಿ ಮನೆ ಯಾವುದು, ಸಂಸಾರವಿರುವ ಮನೆ ಯಾವುದು ಎಂದು ಮಕ್ಕಳೇ ಹೇಳಿಬಿಡುತ್ತಾರೆ.

ಮೂರನೆಯ ದಿನಕ್ಕೆ ಅವರಿಗೆ ಒಂದು ಕೆಲಸ ಕೊಡುತ್ತೇನೆ: ಸೆಲ್ ಮತ್ತು ಕೋಶ ಎಂಬ ಪದಗಳು ಎಲ್ಲೆಲ್ಲಿ ಸಿಗುತ್ತವೆಯೋ ಬರೆದು ತರಬೇಕು. ಅಜ್ಜಿ ಟಾರ್ಚನ್ನೇ ಬ್ಯಾಟರಿ ಎಂದು ಕರೆದು “ಬ್ಯಾಟರಿಗೆ ಸೆಲ್ ಹಾಕು” ಎನ್ನುವುದನ್ನು ಒಬ್ಬ ತಂದರೆ, ಪತ್ರಿಕೆಯಲ್ಲಿ ಓದಿದ ‘ಜಿಲ್ಲಾ ನಗರಾಭಿವೃದ್ಧಿ ಕೋಶ’ವನ್ನು ಇನ್ನೊಬ್ಬಳು ತರುತ್ತಾಳೆ. ಸೆಲ್ ಫೋನಿನ ಹೆಸರಿಗೆ ಕಾರಣವಾದ, ಒಂದೊಂದು ಗೋಪುರದ ಸಂಕೇತ ತಲುಪುವ ವಲಯಗಳನ್ನು ನಕ್ಷೆಯಲ್ಲಿ ಷಟ್ಕೋನಗಳಾಗಿ ಬರೆಯುತ್ತಾರೆ ಎಂದು ಆಗ ತೋರಿಸುತ್ತೇನೆ. ಜೇನುತಟ್ಟಿ ಅಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ.

ಎಲ್ಲ ತೊಡಕುಗಳೂ ಇದರಿಂದ ಬಗೆಹರಿದಿವೆ ಎಂದಲ್ಲ. ಕೆಂಪು ರಕ್ತಕಣವೂ ಜೀವಕೋಶವೇ ಆಗಿದ್ದರೂ ನಾವು ಅದನ್ನು ಕಣವೆನ್ನುತ್ತೇವೆ; ಅದನ್ನು ಪ್ರತಿ ಸಲ ಬಾಯಿಬಿಟ್ಟು ಹೇಳಬೇಕು. ಬೇರೆ ಬೇರೆ ಬಗೆಯ ಜೀವಕೋಶಗಳಾಗಿ ಬೆಳೆಯಬಲ್ಲ ‘ಸ್ಟೆಮ್ ಸೆಲ್’ಗೆ ಬಳಕೆಯಲ್ಲಿರುವ ಕಾಂಡಕೋಶವೆಂಬ ಪದವಂತೂ ನನಗೆ ಒಪ್ಪಿಗೆಯಿಲ್ಲ. 1868ರಲ್ಲಿ ಜೀವವಿಜ್ಞಾನಿ ಎರ್ನ್ಸ್ಟ್ ಹೆಕೆಲ್ ಜರ್ಮನ್ ಭಾಷೆಯಲ್ಲಿ ಬಳಸಿದ ಮೂಲ ಪದದ ಹಿಂದೆ ಇದ್ದದ್ದು ವಂಶವೃಕ್ಷದ, ಅಂದರೆ ಪೂರ್ವಜನ ಕಲ್ಪನೆ. ಗಿಡದ ಕಾಂಡಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ನಾನು ತರಗತಿಯಲ್ಲಿ ಆಕರಕೋಶವೆಂದು ಬರೆಸಿ, ಪರೀಕ್ಷೆಗಾಗಿ ಕಾಂಡಕೋಶವನ್ನೂ ಅದರ ಕೆಳಗೆ ಬರೆಸುತ್ತೇನೆ.

ಆ ಹುಡುಗಿಗೆ ಉತ್ತರ ಕೊಟ್ಟದ್ದು ಅದೇ ವರ್ಷ, ಉಸಿರಾಟದ ಪಾಠ ಬಂದಾಗ. ಶ್ವಾಸಕೋಶ ಒಂದು ಜೀವಕೋಶವಲ್ಲ, ಉಸಿರಿನ ಚೀಲ. ಅದರೊಳಗೆ ಕೋಟಿಗಟ್ಟಲೆ ಗಾಳಿಗೂಡುಗಳಿವೆ, ಒಂದೊಂದು ಗಾಳಿಗೂಡಿನ ಗೋಡೆಯೂ ಜೀವಕೋಶಗಳಿಂದಾಗಿದೆ ಎಂದು ಚಿತ್ರ ಬರೆದು ತೋರಿಸಿದೆ. ಅವಳು ತನ್ನ ಪುಸ್ತಕದಲ್ಲಿ ದೊಡ್ಡದೊಂದು ಚೀಲ ಬರೆದು, ಅದರೊಳಗೆ ಗೂಡುಗಳನ್ನು, ಗೂಡಿನ ಗೋಡೆಯಲ್ಲಿ ಚುಕ್ಕಿಗಳನ್ನು ಇಟ್ಟು, ಚೀಲಕ್ಕೂ ಚುಕ್ಕಿಗೂ ಬಾಣದ ಗುರುತು ಹಾಕಿ ಎರಡಕ್ಕೂ ‘ಕೋಶ’ ಎಂದೇ ಬರೆದಳು.