ತೋಟದ ಲೈನ್ ಮನೆಯ ಹಾಡು ಬರೆದಿಡುವುದು ಹೇಗೆ?

ಲೈನ್ ಮನೆ ಅಂದರೆ ತೋಟದ ಕೂಲಿಯವರ ಸಾಲು ಮನೆ. ಅಲ್ಲಿದ್ದು ಕಾಫಿ ಕೊಯ್ಯುತ್ತಾ ಅಜ್ಜಿ ಹೇಳುತ್ತಿದ್ದ ಪದ ಎರಡು ಸಾಲಾದರೂ ನೆನಪಿದೆಯಾ? ಹಾಗಾದರೆ ಶುರು ಮಾಡಿ. ಐರ್ಲೆಂಡಿನಲ್ಲಿ 1937ರಿಂದ 1939ರವರೆಗೆ ಶಾಲೆ ಮಕ್ಕಳೇ ಮನೆಯ, ಊರಿನ ಹಿರಿಯರ ಹತ್ತಿರ ಕೂತು ಹಾಡು, ಕಥೆ, ಗಾದೆ, ಕಸುಬಿನ ವಿಷಯ ಎಲ್ಲ ನೋಟ್‌ಬುಕ್‌ಗೆ ಇಳಿಸಿದರು. ಇಲ್ಲೇ ಕೊಡಗಿನಲ್ಲಿ ಕೊಡವ ಹಾಡುಗಳನ್ನು ನಡಿಕೇರಿಯಂಡ ಚಿಣ್ಣಪ್ಪನವರು ಸಂಗ್ರಹಿಸಿ 1924ರಲ್ಲೇ ಅಚ್ಚು ಹಾಕಿಸಿದ್ದರು. ಆದರೆ ತೋಟದಲ್ಲಿ ಕೂಲಿ ಮಾಡಿದವರ ಹಾಡನ್ನು ಮೊಮ್ಮಕ್ಕಳೇ ಬರೆದುಕೊಳ್ಳಬೇಕು, ಅಲ್ವಾ?

ಸುಮ್ನೆ 'ಹಾಡು ಹೇಳಜ್ಜಿ' ಅಂದರೆ ಬಾಯಿ ಬಿಡುವುದಿಲ್ಲ. ಜೊತೆಗೆ ಕೂತು ಕಾಳುಮೆಣಸು ಬಿಡಿಸಿ, ಕೈ ಓಡಿದಂತೆ ಹಾಡು ತಾನಾಗಿ ಬರುತ್ತದೆ. ಮೊದಲೇ ಕೇಳಿಕೊಂಡು ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ. ಜೋರು ಮಳೆಗಾಲದಲ್ಲಿ ಬೇಡ, ಶೀಟಿನ ಮೇಲಿನ ಸದ್ದಿಗೆ ಏನೂ ಕೇಳಿಸುವುದಿಲ್ಲ.

ಬರೆಯುವಾಗ ತಿದ್ದಬೇಡಿ. ತುಳು, ಮಲಯಾಳ, ಎರವ (ಕೊಡಗಿನ ಒಂದು ಬುಡಕಟ್ಟು) ಮಾತು ನಡುವೆ ಬಂದರೆ ಹಾಗೇ ಇರಲಿ, ಅದೇ ನಿಮ್ಮ ಮನೆಯ ಕನ್ನಡ. ಆ ಐರಿಷ್ ಮಕ್ಕಳು ಮಾಡಿದ ಹಾಗೆ, ಹಾಡು ಹೇಳಿದವರ ಹೆಸರು, ವಯಸ್ಸು, ಊರು ಕೆಳಗೆ ಹಾಕಿ.

ಹಾಡು ಮುಗಿದ ಮೇಲೆ ಕೂಲಿ ವಿಷಯ ಎತ್ತಿ. ಯಾವ ತೋಟ, ಎಷ್ಟು ಕೂಲಿ, ಸಂಜೆ ತೂಕ ಹಾಕುವಾಗ ಮೇಸ್ತ್ರಿ ಜೊತೆ ಜಗಳ ಆಗುತ್ತಿತ್ತಾ, ಹುಷಾರಿಲ್ಲದವರ ಮಕ್ಕಳಿಗೆ ಯಾರ ಮನೆಯಲ್ಲಿ ಊಟ? ಹಿರಿಯರು ಯಾವುದಕ್ಕೆ ಬೆಲೆ ಕೊಡುತ್ತಿದ್ದರು ಅನ್ನುವುದು ಇಲ್ಲೇ ಗೊತ್ತಾಗುತ್ತದೆ, ಉಪದೇಶ ಕೇಳಿದರೆ ಅಲ್ಲ. 1911ರ ಐರಿಷ್ ಜನಗಣತಿಯ ಮನೆಮನೆ ಫಾರಂ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಕಸುಬು ಏನು, ಓದು ಬರಹ ಬರುತ್ತಿತ್ತಾ ಎಂಬುದೂ ಅದರಲ್ಲಿದೆ. ನಮಗೆ ಅಂಥದ್ದು ಇಲ್ಲ. ಹಳೇ ರೇಷನ್ ಕಾರ್ಡ್, ಪಿಎಫ್ ಚೀಟಿ ಪೆಟ್ಟಿಗೆಯಲ್ಲಿದ್ದರೆ ಫೋಟೋ ತೆಗೆದು ಚಿಕ್ಕಪ್ಪನ ಮಕ್ಕಳಿಗೂ ಕಳಿಸಿಡಿ.