ತಾಮ್ರದ ಕಪ್ಪಿನಿಂದ ಜ್ಯೋತಿ ತೆಗೆದದ್ದು

ಜ್ಯೋತಿಯನ್ನು ಮೆಜೊಟಿಂಟ್‌ನಲ್ಲೇ ಮಾಡುತ್ತೇನೆ ಅಂದಾಗ ಜೊತೆಯವರು ಯಾರೂ ಒಪ್ಪಲಿಲ್ಲ. ಮೆಜೊಟಿಂಟ್ ಅಂದರೆ ಲೋಹದ ತಗಡನ್ನು (ಪ್ಲೇಟ್) ಪೂರ್ತಿ ತರಿ ಮಾಡಿ ಕಪ್ಪು ಒತ್ತುವಂತಾಗಿಸಿ, ಬೇಕಾದಲ್ಲಿ ಉಜ್ಜಿ ಬೆಳಕು ತೆಗೆಯುವ ಮುದ್ರಣ ಕಲೆ. "ಅಷ್ಟು ಮೈ ಮುರಿಯೋದು ಯಾಕೆ, ಆಮ್ಲದಿಂದ ಛಾಯೆ ತೆಗೆಯುವ ಅಕ್ವಾಟಿಂಟ್ ಹಾಕಿ ನಡುವೆ ಚಿನ್ನದ ಇಂಕು ಒತ್ತು" ಅಂದರು. ಈಗ ಎಡಿಷನ್ ಮುಗಿದಿದೆ, ಸುಮಾರು ಮೂವತ್ತು ಪ್ರಿಂಟ್. ಬೇಡ ಅಂದವರೇ ಪ್ಲೇಟ್ ತೋರಿಸು ಅಂತ ಕೇಳುತ್ತಿದ್ದಾರೆ.

ಮೊದಲು ಕೆತ್ತಿದ್ದು ಮರದಲ್ಲಿ. ಅಂಚು ಎಷ್ಟು ಖಡಕ್ ಬಂತೆಂದರೆ ಜ್ಯೋತಿ ಲಾಂಛನವಾಗಿ ನಿಂತಿತು, ಆಜ್ಞೆ ಮಾಡುವ ಹಾಗೆ. 1498ರಲ್ಲಿ ಜರ್ಮನ್ ಕಲಾವಿದ ಡ್ಯೂರರ್ ಬೈಬಲಿನ ಲೋಕಾಂತ್ಯದ ಕಥೆಯ, ಅಂದರೆ ಅಪೋಕ್ಯಾಲಿಪ್ಸ್‌ನ, ಚಿತ್ರಗಳಿಗೆ ಮರ ಹಿಡಿದದ್ದು ಸರಿಯೇ, ಅಲ್ಲಿ ಆ ಗರ್ಜನೆ ಬೇಕಿತ್ತು. ನನಗೆ ಬೇಕಿದ್ದದ್ದು ಧ್ಯಾನ. ಚಿನ್ನದ ಇಂಕೂ ಒತ್ತಿ ನೋಡಿದೆ. ಬೆಳಕು ಕಾಗದದ ಮೇಲೆ ಕೂತಿತೇ ಹೊರತು ಒಳಗಿಂದ ಬರಲಿಲ್ಲ. ನೋಡಿದವರ ಕಣ್ಣು ಚಿನ್ನದಲ್ಲೇ ನಿಂತಿತು.

ದುಡ್ಡು ಉಳಿಯಲೆಂದು ಮೆಜೊಟಿಂಟನ್ನು ಸತುವಿನ ತಗಡಿನಲ್ಲಿ ಶುರು ಮಾಡಿದೆ. ನಾಲ್ಕೈದು ಪ್ರೂಫ್ (ಪರೀಕ್ಷೆಯ ಪ್ರಿಂಟ್) ತೆಗೆಯುವಷ್ಟರಲ್ಲಿ ಬರ್, ಅಂದರೆ ಇಂಕು ಹಿಡಿಯುವ ಲೋಹದ ಸಣ್ಣ ಹಲ್ಲುಗಳು, ಎಲ್ಲ ಜಜ್ಜಿಹೋಗಿ ಕಪ್ಪು ಬೂದುಬಣ್ಣಕ್ಕೆ ಇಳಿಯಿತು. ತಗಡಿನ ದುಡ್ಡಿಗಿಂತ ತರಿ ಎಬ್ಬಿಸುವ ಹಲ್ಲಿನ ಉಪಕರಣವಾದ ರಾಕರ್ ಆಡಿಸಿದ ವಾರಗಳು ಹೋದದ್ದೇ ದೊಡ್ಡ ನಷ್ಟ. ತಾಮ್ರಕ್ಕೆ ಹೆಚ್ಚುಕಡಿಮೆ ಮೂರು ಪಟ್ಟು ಬಿತ್ತು, ಆದರೆ ಆ ಕಪ್ಪು ಮಖಮಲ್ಲು. ಮೂವತ್ತರ ಆಸುಪಾಸಿನಲ್ಲಿ ಅದೂ ಸೊರಗತೊಡಗಿತು, ಅಲ್ಲಿಗೇ ನಿಲ್ಲಿಸಿದೆ. ತಾಮ್ರ ಸವೆಯದಂತೆ ಮೇಲೆ ತೆಳು ಕಬ್ಬಿಣದ ಲೇಪ ಹಾಕುವ ಸ್ಟೀಲ್ ಫೇಸಿಂಗ್ ಮಾಡಿಸುವಷ್ಟು ಹಣ ಉಳಿದಿರಲಿಲ್ಲ.

ಜ್ಯೋತಿಯ ತುದಿಯೇ ಇಡೀ ಕೆಲಸದ ಜೀವ. ಅಲ್ಲಿ ಹೆರೆಯುವ ಸ್ಕ್ರೇಪರ್ ಮುಟ್ಟಿಸಲಿಲ್ಲ, ಉಜ್ಜಿ ನುಣುಪು ಮಾಡುವ ಬರ್ನಿಷರ್ ಮಾತ್ರ, ಅದೂ ಸಣ್ಣದು, ಎಣ್ಣೆ ಹಚ್ಚಿದ್ದು. ಪೂರ್ತಿ ಉಜ್ಜಿದ ನಡುಭಾಗದಲ್ಲಿ ಇಂಕು ನಿಲ್ಲದೆ ಕಾಗದ ಬೆಳಗುತ್ತದೆ. ಸುತ್ತ ಹಲ್ಲುಗಳು ಅರೆಬರೆ ಮಲಗಿರುವುದರಿಂದ ಕಪ್ಪು ಎಲ್ಲಿ ಮುಗಿಯಿತು, ಬೆಳಕು ಎಲ್ಲಿ ಶುರುವಾಯಿತು ಅಂತ ಬೆರಳಿಟ್ಟು ತೋರಿಸಲಾಗದು. ಕತ್ತಲನ್ನು ಕಳೆದಷ್ಟೇ ಬೆಳಕು ಸಿಗುವ ವಿಧಾನವಿದು. ಜ್ಯೋತಿಯ ಅರ್ಥವೂ ಅದೇ ತಾನೇ? ಇಂಕಿಗೆ ಎರಡು ಕಪ್ಪು ಬೆರೆಸುತ್ತೇನೆ. ಯಾವುವು, ಎಷ್ಟೆಷ್ಟು ಅನ್ನುವುದು ನನ್ನಲ್ಲೇ ಇರಲಿ.

ನಡುವೆ, ಸೂಜಿಯಿಂದ ತಗಡಿನ ಮೇಲೆ ನೇರ ಗೀಚುವ ಡ್ರೈಪಾಯಿಂಟ್‌ನಲ್ಲಿ ಶಂಖವನ್ನೂ ಪ್ರಯತ್ನಿಸಿದೆ. ಒತ್ತಿದಾಗ ಚಿತ್ರ ಕನ್ನಡಿಯಲ್ಲಿನಂತೆ ತಿರುಗುವುದರಿಂದ ಪ್ಲೇಟಿನ ಮೇಲೆ ಬಲಮುರಿ ಬರೆದರೆ ಕಾಗದದಲ್ಲಿ ಎಡಮುರಿ ಅಂತ ನಮಗೆಲ್ಲ ಗೊತ್ತು, ತಿರುಗಿಸಿಯೇ ಗೀಚಿದ್ದೆ. ಆದರೂ ಕೈಯ ಓಟ ತಿರುಗಿದ್ದರಿಂದ ಸುರುಳಿ ಬಿಗಿಯಾಯಿತು, ಪೂಜೆಯ ಶಂಖ ಕಾಳಗದ ಶಂಖವಾಯಿತು. ಫ್ರೆಂಚ್ ಕೆತ್ತನೆಗಾರ ಕ್ಲೋಡ್ ಮೆಲ್ಲಾನ್ 1649ರಲ್ಲಿ ಕ್ರಿಸ್ತನ ಇಡೀ ಮುಖವನ್ನು ಮೂಗಿನ ತುದಿಯಿಂದ ಹೊರಟ ಒಂದೇ ಸುರುಳಿಗೆರೆಯಲ್ಲಿ ತಾಮ್ರಕ್ಕೆ ಇಳಿಸಿದ್ದ. ಅಂಥ ಕೈ ಬೇಕು.

ಈಗ ತಲೆಯಲ್ಲಿರುವುದು ಬಿಂದು. ಇಂಕೇ ಇಲ್ಲದೆ, ಕಾಗದವನ್ನೇ ಉಬ್ಬಿಸುವ ಬರೀ ಎಂಬಾಸಿಂಗ್. ಮೂರು ಪ್ರೂಫ್ ತೆಗೆದೆ. ಪಕ್ಕದಿಂದ ಬೆಳಕು ಬಿದ್ದರೆ ಮಾತ್ರ ಕಾಣುತ್ತದೆ, ಎದುರಿಂದ ಬಿದ್ದರೆ ಬಯಲು. ಪ್ರೆಸ್ಸಿನಲ್ಲಿ ಕಾಗದದ ಮೇಲೆ ಹಾಸುವ ಬ್ಲಾಂಕೆಟ್ ಹಳತಾದ್ದರಿಂದ ಅಂಚು ಇನ್ನೂ ಮಂಕು. ಹೊಸದು ಬಂದ ಕೂಡಲೇ ದಪ್ಪ ಕಾಗದದಲ್ಲಿ ಒತ್ತುತ್ತೇನೆ.